ಟಂಕಸಾಲೆಯ ತಪ್ಪು ಒಪ್ಪು

ಎಳೆ ತಪ್ಪಿದ ಸೀರೆಯನ್ನು ಅಂಗಡಿಯವನು ಬೇರೆ ಗಂಟು ಕಟ್ಟಿಟ್ಟು ಆಷಾಢದಲ್ಲಿ ಅರ್ಧ ಬೆಲೆಗೆ ಹೊರಹಾಕುತ್ತಾನೆ. ಬಾಯಿ ಸೊಟ್ಟಗಾದ ಸ್ಟೀಲ್ ಡಬ್ಬಿಯನ್ನು ನಾವೇ ತಿರುಗಿಸಿ ನೋಡಿ, "ಇದು ಬೇಡ, ಬೇರೆ ಕೊಡಿ" ಎನ್ನುತ್ತೇವೆ. ಸೀಳು ಬಿಟ್ಟ ಬಳೆಯನ್ನು ಬಳೆಗಾರನೇ ಪಕ್ಕಕ್ಕೆ ಸರಿಸುತ್ತಾನೆ. ಒಡೆದ ಕಾಫಿ ಬೀಜ ಹೆಚ್ಚಿದ್ದರೆ ವ್ಯಾಪಾರಿ ಮೂಟೆಗೆ ಕೈ ಹಾಕಿದೊಡನೆ ದರ ಇಳಿಸುತ್ತಾನೆ. ಶಾಲೆಯ ಮಾತಂತೂ ಕೇಳುವುದೇ ಬೇಡ; ಕೆಂಪು ಶಾಯಿಯ ಪೆನ್ನು ಹಿಡಿದು ಕೂತ ನಮ್ಮಂಥವರಿಗೆ ತಪ್ಪೆಂದರೆ ಅಂಕ ಕಳೆಯುವ ಬಾಬತ್ತು. ಹೀಗೆ ಲೋಕದಲ್ಲೆಲ್ಲ ತಪ್ಪಿಗೆ ಬೆಲೆ ಇಳಿಯುವುದೇ ನ್ಯಾಯವಾಗಿರುವಾಗ, ಎಲ್ಲೋ ಒಂದೆರಡು ವಸ್ತುಗಳಿಗೆ ಮಾತ್ರ ತಪ್ಪಾದರೆ ಬೆಲೆ ಏರುತ್ತದೆ. ಅವುಗಳಲ್ಲಿ ನಮ್ಮೆಲ್ಲರ ಕೈಗೆ ದಿನವೂ ಬರುವಂಥದು ನಾಣ್ಯ.

ಇದು ಎಂಥ ನ್ಯಾಯ? ತಪ್ಪಾದ ನಾಣ್ಯಕ್ಕೆಲ್ಲ ಬೆಲೆ ಬರುವುದೇ? ಬಂದರೆ ಆ ಬೆಲೆಯನ್ನು ಕಟ್ಟುವವರು ಯಾರು? ಕೆಲವು ವರ್ಷಗಳಿಂದ ಈ ಪ್ರಶ್ನೆಗಳು ನಮ್ಮ ಹಾರಂಗಿಯಂಥ ಸಣ್ಣ ಊರಿನ ಅಡಿಗೆಮನೆಗೂ ಬಂದು ಕೂತಿವೆ. ಫೋನು ತೆರೆದರೆ ಸಾಕು, "ನಿಮ್ಮ ಮನೆಯಲ್ಲಿ ಈ ನಾಣ್ಯ ಇದೆಯೇ? ಇದ್ದರೆ ನೀವು ಲಕ್ಷಾಧೀಶ್ವರರು" ಎಂಬ ಚಿತ್ರ ಹಾರಿ ಬರುತ್ತದೆ. ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿದ ಹೆಂಗಸರು ಸಾಸಿವೆ ಡಬ್ಬಿಯ ಚಿಲ್ಲರೆಯನ್ನು ಹೊಸ್ತಿಲ ಮೇಲೆ ಸುರಿದುಕೊಂಡು ಒಂದೊಂದಾಗಿ ಹುಡುಕುವುದನ್ನು ನಾನು ಕಂಡಿದ್ದೇನೆ. ಹುಡುಕುವುದರಲ್ಲಿ ತಪ್ಪೇನಿಲ್ಲ. ಏನನ್ನು ಹುಡುಕುತ್ತಿದ್ದೇವೆ ಎಂದು ತಿಳಿದಿರಬೇಕು, ಅಷ್ಟೆ.

ಮೊದಲಿಗೆ ನಾಣ್ಯ ಹುಟ್ಟುವ ಬಗೆಯನ್ನು ನೋಡೋಣ. ನಮ್ಮ ದೇಶದಲ್ಲಿ ಸರ್ಕಾರದ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು 1988ರಲ್ಲಿ ಕೆಲಸ ಆರಂಭಿಸಿದ ನೋಯ್ಡಾ. ಲೋಹದ ಉದ್ದನೆಯ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುವುದು ಮೊದಲ ಕೆಲಸ. ಆ ಬಿಲ್ಲೆಗಳನ್ನು ಕಾಯಿಸಿ ಮೆದುಮಾಡಿ, ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಒಂದು ಉಕ್ಕಿನ ಬಳೆಯೊಳಗೆ ಬಿಲ್ಲೆಯನ್ನು ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಟನ್ನುಗಟ್ಟಲೆ ಭಾರದಿಂದ ಒತ್ತುತ್ತಾರೆ. ಎರಡು ಮುಖ, ಒಂದು ಅಂಚು, ಎಲ್ಲವೂ ಒಂದೇ ಏಟಿಗೆ ಮೂಡುತ್ತವೆ. ಯಂತ್ರ ಇದನ್ನು ನಿಮಿಷಕ್ಕೆ ನೂರಾರು ಸಲ ಮಾಡುತ್ತದೆ. ಅಷ್ಟು ವೇಗದಲ್ಲಿ ಎಲ್ಲೋ ಒಂದು ಕಡೆ ಕೈ ತಪ್ಪುವುದು ಸಹಜ. ತಪ್ಪಿದ್ದನ್ನು ಹೆಕ್ಕಿ ಮತ್ತೆ ಕರಗಿಸಲೆಂದು ತಪಾಸಣೆಯೂ ಇದೆ. ಆ ತಪಾಸಣೆಯ ಕಣ್ಣನ್ನೂ ತಪ್ಪಿಸಿ ಚೀಲದೊಳಗೆ ಸೇರಿ, ಬ್ಯಾಂಕಿಗೆ ಬಂದು, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ನಮ್ಮ ಕೈಗೆ ಬೀಳುವ ನಾಣ್ಯವೇ ಸಂಗ್ರಾಹಕರು ಹುಡುಕುವ 'ತಪ್ಪಚ್ಚಿನ ನಾಣ್ಯ'.

ತಪ್ಪು ಎಲ್ಲೆಲ್ಲಿ ಆಗಬಹುದು? ಪೂರಿಗೆ ಹಿಟ್ಟು ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಕತ್ತರಿಸುವಾಗ ಮಕ್ಕಳು ಏನು ಮಾಡುತ್ತಾರೆ, ನೆನಪಿಸಿಕೊಳ್ಳಿ. ಈಗಾಗಲೇ ಕತ್ತರಿಸಿದ ಜಾಗದ ಮೇಲೆಯೇ ಮುಚ್ಚಳವನ್ನು ಅರ್ಧಂಬರ್ಧ ಇಟ್ಟು ಒತ್ತುತ್ತಾರೆ. ಪೂರಿಯ ಒಂದು ಬದಿ ಕಚ್ಚಿ ತೆಗೆದಂತೆ ಅರ್ಧಚಂದ್ರಾಕಾರವಾಗಿ ಇಲ್ಲವಾಗುತ್ತದೆ. ತಗಡು ಸರಿಯಾಗಿ ಮುಂದೆ ಸರಿಯದಿದ್ದಾಗ ಟಂಕಸಾಲೆಯಲ್ಲಿಯೂ ಇದೇ ಆಗುತ್ತದೆ. ಇದು ಬಿಲ್ಲೆಯ ಹಂತದ ತಪ್ಪು. ಒಂದು ನಾಣ್ಯಕ್ಕಾಗಿ ಕತ್ತರಿಸಿದ ಬಿಲ್ಲೆ ಇನ್ನೊಂದರ ಯಂತ್ರಕ್ಕೆ ಹೋಗಿ ಬೀಳುವುದೂ ಇದೇ ಹಂತಕ್ಕೆ ಸೇರಿದ್ದು. 2011ರ ಸರಣಿಯ ಎರಡು ರೂಪಾಯಿಗೆ ತೂಕ 4.85 ಗ್ರಾಂ, ಒಂದು ರೂಪಾಯಿಗೆ 3.79 ಗ್ರಾಂ, ಎರಡೂ ಸ್ಟೇನ್‌ಲೆಸ್ ಸ್ಟೀಲು. ಎರಡು ರೂಪಾಯಿಯ ಅಚ್ಚು ಒಂದು ರೂಪಾಯಿಯ ಬಿಲ್ಲೆಯ ಮೇಲೆ ಬಿದ್ದರೆ ಅಂಚಿನ ಅಕ್ಷರಗಳು ಹೊರಗೇ ಉಳಿದುಬಿಡುತ್ತವೆ. ಕಣ್ಣಿಗೆ ಅನುಮಾನ ಬಂದರೆ ಅಕ್ಕಸಾಲಿಗರ ತಕ್ಕಡಿ ಅದನ್ನು ತೀರ್ಮಾನಿಸುತ್ತದೆ.

ಎರಡನೆಯದು ಅಚ್ಚಿನ ತಪ್ಪು. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬು ಗೆರೆ ಮೂಡುತ್ತದೆ. ಅಚ್ಚು ತಯಾರಿಸುವಾಗಲೇ ಚಿತ್ರ ಎರಡು ಸಲ ಸ್ವಲ್ಪ ಸರಿದು ಬಿದ್ದಿದ್ದರೆ, ಆ ಅಚ್ಚಿನಿಂದ ಹೊರಟ ಪ್ರತಿ ನಾಣ್ಯದಲ್ಲಿಯೂ ಅಕ್ಷರಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಮೂರನೆಯದು ಒತ್ತುವಾಗಿನ ತಪ್ಪು. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಪಕ್ಕಕ್ಕೆ ಜಾರಿ, ಇನ್ನೊಂದು ಪಕ್ಕ ಬೋಳಾಗಿ ಉಳಿಯುತ್ತದೆ. ಒಂದು ಅಚ್ಚು ತಿರುಗಿಕೊಂಡರೆ ಎರಡು ಮುಖಗಳ ನೇರ ತಪ್ಪುತ್ತದೆ. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ಮಗುಚಿದರೆ ಹಿಂದಿನ ಚಿತ್ರವೂ ನೆಟ್ಟಗೇ ಕಾಣಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ತಿರುಗಿದೆ ಎಂದರ್ಥ. ಇವೆಲ್ಲಕ್ಕಿಂತ ಸೊಗಸಾದದ್ದು ಇನ್ನೊಂದು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದರೆ, ಮುಂದೆ ಬಂದ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯದ ಗುರುತೇ ಬೀಳುತ್ತದೆ. ಆಗ ಒಂದು ಮುಖದಲ್ಲಿ ಚಿತ್ರ ಉಬ್ಬಾಗಿ, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಇರುತ್ತದೆ. ಭಾರತದ ಸಂಗ್ರಾಹಕರು ಇದನ್ನು 'ಲಾಖಿ' ಎಂದು ಕರೆಯುತ್ತಾರೆ. ಗಲ್ಲಾಪೆಟ್ಟಿಗೆಯಲ್ಲಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆಂದು ಇದನ್ನು ಬಿಡದೆ ಇಟ್ಟುಕೊಳ್ಳುವ ವ್ಯಾಪಾರಿಗಳೂ ಉಂಟು.

ಇಷ್ಟು ಹೇಳಿದ ಮೇಲೆ ಬಹುಮುಖ್ಯವಾದ ಒಂದು ಗೆರೆ ಎಳೆಯಬೇಕು. ಟಂಕಸಾಲೆಯ ಬಾಗಿಲು ದಾಟುವ ಮೊದಲು ಆದದ್ದು ತಪ್ಪು. ದಾಟಿದ ಮೇಲೆ ಆದದ್ದು ಹಾನಿ. ಮೊದಲನೆಯದಕ್ಕೆ ಬೆಲೆ ಬರಬಹುದು, ಎರಡನೆಯದಕ್ಕೆ ಬರಲಾರದು. ಕಾಫಿ ತೋಟದ ನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಹಣ್ಣಿನೊಳಗೆ ಎರಡು ಚಪ್ಪಟೆ ಬೀಜಗಳಿರಬೇಕಾದಲ್ಲಿ ಒಂದೇ ದುಂಡು ಬೀಜ ಬೆಳೆದರೆ ಅದು ಪೀಬೆರಿ. ಗಿಡದ ಲೆಕ್ಕದಲ್ಲಿ ಅದೊಂದು ಕೊರತೆ. ಆದರೂ ಅದನ್ನು ಬೇರೆಯಾಗಿ ಹೆಕ್ಕಿ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಅದನ್ನೇ ಕೇಳಿ ಪುಡಿಮಾಡಿಸಿಕೊಳ್ಳುವವರಿದ್ದಾರೆ. ಕಾಯಿಕೊರಕ ತೂತು ಮಾಡಿದ ಬೀಜವೂ ಮಾಮೂಲಿ ಬೀಜದಂತಿಲ್ಲ, ನಿಜ; ಹಾಗೆಂದು ಅದನ್ನು ಯಾರೂ ಕೇಳಿ ಕೊಳ್ಳುವುದಿಲ್ಲ. ಹುಟ್ಟಿನಲ್ಲಿ ಬಂದ ವ್ಯತ್ಯಾಸ ಬೇರೆ, ಆಮೇಲೆ ತಗುಲಿದ ಪೆಟ್ಟು ಬೇರೆ.

ಕುಶಾಲನಗರದ ಸೇತುವೆಯ ಮೇಲಿಂದ ಕಾವೇರಿಗೆ ಕೈಮುಗಿದು ಎಸೆದ ಕಾಸು ಮರಳಿನಲ್ಲಿ ವರ್ಷಗಟ್ಟಲೆ ಉಜ್ಜಿ ಸವೆದು ಬೋಳಾದರೆ ಅದು ಅಚ್ಚು ಬೀಳದ ನಾಣ್ಯವಾಗುವುದಿಲ್ಲ. ಸುತ್ತಿಗೆಯಲ್ಲಿ ಬಡಿದದ್ದು, ಬೆಂಕಿಗೆ ಬಿದ್ದು ಕಪ್ಪಾದದ್ದು, ಯಾರೋ ಅರದಿಂದ ಉಜ್ಜಿ ಅಂಚು ತೆಗೆದದ್ದು, ಹತ್ತು ರೂಪಾಯಿಯ ನಡುವಿನ ಬಿಲ್ಲೆಯನ್ನು ಬಡಿದು ಹೊರತೆಗೆದದ್ದು, ಎಲ್ಲವೂ ಹಾನಿಯೇ. ತೂತಿನ ಕಾಸನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಲೋಹದ ಉಳಿತಾಯಕ್ಕೆಂದು 1943ರಿಂದ 1947ರವರೆಗೆ ನಡುವೆ ದೊಡ್ಡ ತೂತಿದ್ದ ಒಂದು ಪೈಸೆಯ ಕಾಸನ್ನು ಅಚ್ಚು ಹಾಕುತ್ತಿದ್ದರು. ಆ ತೂತು ವಿನ್ಯಾಸ; ತಪ್ಪೂ ಅಲ್ಲ, ಹಾನಿಯೂ ಅಲ್ಲ. ಅದೇ ತೂತು ನಡುವೆ ಬೀಳದೆ ಒಂದು ಬದಿಗೆ ಬಿದ್ದಿದ್ದರೆ ಅದು ತಪ್ಪು. ಮಗುವಿನ ಕೊರಳಿಗೆ ಕಟ್ಟಲೆಂದು ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗೆ ಅಕ್ಕಸಾಲಿಗ ಕೊರೆದ ತೂತು ಹಾನಿ. ಒಂದೇ ತೂತಿಗೆ ಮೂರು ಹೆಸರು, ಮೂರು ಬೆಲೆ.

ನಮ್ಮ ಕೊಡಗಿನ ಪತ್ತಾಕನ್ನು ಇಲ್ಲಿ ನೆನೆಯದೆ ಇರಲಾಗದು. ನಡುವೆ ರಾಣಿಯದೋ ರಾಜನದೋ ಮುಖವಿರುವ ಚಿನ್ನದ ನಾಣ್ಯ, ಸುತ್ತ ಕೆಂಪು ಹರಳು, ಮೇಲೆ ಹೆಡೆಯೆತ್ತಿದ ನಾಗ. ನಾಣ್ಯ ಸಂಗ್ರಾಹಕನೊಬ್ಬ ಅದನ್ನು ಕಂಡರೆ ಬೆಸುಗೆಯ ಗುರುತನ್ನೇ ನೋಡಿ, "ಅಯ್ಯೋ, ನಾಣ್ಯ ಕೆಟ್ಟಿತು" ಎಂದಾನು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದ ಆ ಒಡವೆಯ ಮುಂದೆ ಅವನ ಮಾತಿಗೆ ಏನು ತೂಕ? ಸಂಗ್ರಾಹಕನ ಬೆಲೆ ಹಲವು ಬೆಲೆಗಳಲ್ಲಿ ಒಂದು. ಅದು ಮುಖಬೆಲೆಯಲ್ಲ, ಲೋಹದ ಬೆಲೆಯಲ್ಲ, ಮನೆತನದ ಬೆಲೆಯೂ ಅಲ್ಲ. ಇವನ್ನು ಒಂದರೊಳಗೊಂದು ಕಲಸಿದಾಗಲೇ ಗೊಂದಲ ಶುರುವಾಗುವುದು.

ಇನ್ನೊಂದು ಮಾತು. ತಪ್ಪು ಎಂಬುದೇ ಯಂತ್ರಯುಗದ ಕಲ್ಪನೆ. ಎಲ್ಲವೂ ಒಂದೇ ತೆರನಾಗಿದ್ದಾಗ ಮಾತ್ರ ಬೇರೆಯಾದದ್ದು ಕಣ್ಣಿಗೆ ಬೀಳುತ್ತದೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638-1659) ಹೊರಡಿಸಿದ ಕಂಠೀರಾಯಿ ಹಣ ಬೆರಳ ಉಗುರಿಗಿಂತ ಚಿಕ್ಕದಾದ ಚಿನ್ನದ ನಾಣ್ಯ. ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಅದರ ಮೇಲಿನ ನರಸಿಂಹನ ಅಚ್ಚು ಬಿಲ್ಲೆಗಿಂತ ದೊಡ್ಡದು. ಹೀಗಾಗಿ ಒಂದರಲ್ಲಿ ದೇವರ ತಲೆ ಬಿದ್ದರೆ ಕಾಲಿಲ್ಲ, ಇನ್ನೊಂದರಲ್ಲಿ ಕಾಲಿದ್ದರೆ ಕೈಯಿಲ್ಲ. ಇದನ್ನು ತಪ್ಪಚ್ಚೆಂದು ಯಾರೂ ಹೆಚ್ಚು ಹಣ ಕೊಡುವುದಿಲ್ಲ. ಅಲ್ಲಿ ಲೆಕ್ಕ ಉಲ್ಟಾ: ಮೂರ್ತಿ ಎಷ್ಟು ಪೂರ್ಣವಾಗಿ ಮೂಡಿದೆಯೋ ಅಷ್ಟು ಬೆಲೆ. ಕೈಯಿಂದ ಕೆತ್ತಿ ಕೈಯಿಂದ ಒತ್ತುತ್ತಿದ್ದ ಕಾಲದಲ್ಲಿ ವ್ಯತ್ಯಾಸವೇ ವಾಡಿಕೆ, ಪೂರ್ಣತೆಯೇ ಅಪರೂಪ.

ಟಿಪ್ಪು ಸುಲ್ತಾನನ ನಾಣ್ಯಗಳಂತೂ ಅರ್ಧ ತಿಳಿದವರಿಗೆ ಒಡ್ಡಿದ ಪರೀಕ್ಷೆಯಂತಿವೆ. 1787ರ ಸುಮಾರಿಗೆ ಅವನು ಮೌಲೂದಿ ಎಂಬ ಹೊಸ ಶಕೆಯನ್ನು ಬಳಕೆಗೆ ತಂದು, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು 5121 ಎಂಬಂತೆ ಕಾಣುತ್ತದೆ. ಶ್ರೀರಂಗಪಟ್ಟಣದ ಟಂಕಸಾಲೆಯ ಆನೆ ಕಾಸನ್ನು ಕೈಯಲ್ಲಿ ಹಿಡಿದು "ಅಂಕಿ ತಿರುಗಿದೆ, ತಪ್ಪು ನಾಣ್ಯ, ಲಕ್ಷ ಬೆಲೆ" ಎಂದು ಯಾರಾದರೂ ಹೇಳಿದರೆ, ಅವರು ತಿರುಗಿಸಿ ಬರೆದವನ ಆಜ್ಞೆಯನ್ನು ತಿಳಿಯದವರು ಎಂದಷ್ಟೇ ಅರ್ಥ. ಮಗು ಉತ್ತರಪತ್ರಿಕೆಯಲ್ಲಿ ನಮಗೆ ಗೊತ್ತಿಲ್ಲದ ಸರಿ ಉತ್ತರ ಬರೆದಾಗ ಕೆಂಪು ಗೆರೆ ಎಳೆಯುವ ಮೇಡಂ ಇದ್ದ ಹಾಗೆ.

ಇನ್ನು ತಪ್ಪಿಗೆ ಬೆಲೆ ಹೇಗೆ ಬರುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಪ್ರಸಿದ್ಧ ಉದಾಹರಣೆಯೊಂದಿದೆ: 1911ರ 'ಹಂದಿ ರೂಪಾಯಿ'. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಕಲ್ಕತ್ತ ಮತ್ತು ಬೊಂಬಾಯಿಯ ಟಂಕಸಾಲೆಗಳಲ್ಲಿ ಅವನ ಮುಖದ ಬೆಳ್ಳಿ ರೂಪಾಯಿಯನ್ನು ಅಚ್ಚು ಹಾಕಿದರು. ರಾಜನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯಿತ್ತು. ಕೆತ್ತನೆಯಲ್ಲಿ ಅದರ ಸೊಂಡಿಲು, ಕಾಲು ಗಿಡ್ಡವಾಗಿ ಬಿಟ್ಟವು. ನೋಡಿದವರಿಗೆ ಅದು ಆನೆಯಾಗಿ ಕಾಣದೆ ಹಂದಿಯಾಗಿ ಕಂಡಿತು. ಜನ ಅಸಮಾಧಾನಗೊಂಡರು, ಮುಸಲ್ಮಾನರಿಗಂತೂ ಅದು ಧರ್ಮದ ಪ್ರಶ್ನೆಯಾಯಿತು. ಸರ್ಕಾರ ನಾಣ್ಯವನ್ನು ಹಿಂತೆಗೆದುಕೊಂಡು ಕರಗಿಸಿತು. 1912ರ ರೂಪಾಯಿಯಲ್ಲಿ ಸೊಂಡಿಲು ಎದ್ದು ಕಾಣುವಂತೆ ಆನೆಯನ್ನು ತಿದ್ದಿ ಕೆತ್ತಿದರು. ಅಚ್ಚು ಹಾಕಿದ್ದು ಸುಮಾರು 94 ಲಕ್ಷ, ಅದರಲ್ಲಿ ಜನರ ಕೈಗೆ ಹೋದದ್ದು ಸುಮಾರು 7 ಲಕ್ಷ ಎಂದು ಲೆಕ್ಕ.

ಈ ಕಥೆಯನ್ನು ಹೇಳುವವರೆಲ್ಲ ಸೊಂಡಿಲಿನ ತಪ್ಪಿನಿಂದ ಬೆಲೆ ಬಂತು ಎನ್ನುತ್ತಾರೆ. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಸರ್ಕಾರ ಸುಮ್ಮನಿದ್ದು 94 ಲಕ್ಷವನ್ನೂ ಚಲಾವಣೆಗೆ ಬಿಟ್ಟಿದ್ದರೆ, ಮುಂದಿನ ವರ್ಷಗಳಲ್ಲಿಯೂ ಅದೇ ಆನೆ ಬರುತ್ತಿದ್ದರೆ, ಇಂದು ಅದು ಹತ್ತರಲ್ಲಿ ಹನ್ನೊಂದಾಗಿರುತ್ತಿತ್ತು. ಬೆಲೆ ತಂದದ್ದು ತಿದ್ದುಪಡಿ. ತಪ್ಪನ್ನು ಗುರುತಿಸಿ, ನಿಲ್ಲಿಸಿ, ಉಳಿದದ್ದನ್ನು ಕರಗಿಸಿದ್ದರಿಂದ ಹೊರಗೆ ಉಳಿದವು ಎಣಿಕೆಗೆ ಸಿಕ್ಕವು. ಹಾಗಿದ್ದೂ ಏಳು ಲಕ್ಷ ಸಣ್ಣ ಸಂಖ್ಯೆಯಲ್ಲ. ಆದ್ದರಿಂದಲೇ ಈ ರೂಪಾಯಿಗೆ ಮಾಮೂಲಿ ಜಾರ್ಜ್ ರೂಪಾಯಿಗಿಂತ ಹೆಚ್ಚಿನ ಬೆಲೆಯಿದ್ದರೂ ಅದು ಯಾರ ಮನೆಯನ್ನೂ ಕಟ್ಟಿಸಿಕೊಡುವಂಥದಲ್ಲ. ಕಥೆ ದೊಡ್ಡದಾದ ಮಾತ್ರಕ್ಕೆ ಬೆಲೆ ಅದರ ಹಿಂದೆಯೇ ಓಡಿಬರುವುದಿಲ್ಲ.

ಹೊರದೇಶದ ಎರಡು ಪ್ರಸಂಗಗಳೂ ಇದನ್ನೇ ಹೇಳುತ್ತವೆ. 2008ರಲ್ಲಿ ಬ್ರಿಟನ್ನಿನ ಟಂಕಸಾಲೆ 20 ಪೆನ್ನಿಯ ನಾಣ್ಯಕ್ಕೆ ಹೊಸ ವಿನ್ಯಾಸ ತಂದಿತು. ವರ್ಷದ ಅಂಕಿಯನ್ನು ಹಿಂದಿನ ಮುಖದಿಂದ ರಾಣಿಯ ಮುಖದ ಕಡೆಗೆ ಸರಿಸಿದರು. ಯಾರೋ ಹಳೆಯ ರಾಣಿಯ ಅಚ್ಚಿಗೆ ಹೊಸ ಹಿಂಬದಿಯ ಅಚ್ಚನ್ನು ಜೋಡಿಸಿಬಿಟ್ಟರು. ಎರಡು ಕಡೆಯೂ ವರ್ಷವೇ ಇಲ್ಲದ ನಾಣ್ಯ ಹೊರಬಂತು. ಕನಿಷ್ಠ 50 ಸಾವಿರವಾದರೂ ಹೊರಬಿದ್ದಿವೆ. ಮೊದಲ ದಿನಗಳ ಗದ್ದಲದಲ್ಲಿ ಸಾವಿರಾರು ಪೌಂಡಿನ ಮಾತು ಕೇಳಿಬಂದರೂ ಆಮೇಲೆ ಬೆಲೆ ಐವತ್ತು ನೂರು ಪೌಂಡಿನ ಆಸುಪಾಸಿಗೆ ಬಂದು ನಿಂತಿತು. ಅಮೆರಿಕದ 1955ರ ಒಂದು ಸೆಂಟಿನದು ಇನ್ನೊಂದು ಬಗೆ. ಅಚ್ಚಿನಲ್ಲಿಯೇ ಅಕ್ಷರಗಳು ಎರಡೆರಡಾಗಿ ಬಿದ್ದಿದ್ದವು. ಸಿಕ್ಕಿಬಿದ್ದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯ ಸರಿಯಾದವುಗಳೊಂದಿಗೆ ಬೆರೆತು ಹೋಗಿದ್ದವು. ಹೆಕ್ಕುವ ಗೋಜಿಗೆ ಹೋಗದೆ ಹಾಗೆಯೇ ಬಿಟ್ಟರು. ಅವುಗಳಲ್ಲಿ ಎಷ್ಟೋ ಸಿಗರೇಟು ಪ್ಯಾಕಿನೊಳಗೆ ಚಿಲ್ಲರೆಯಾಗಿ ಇಟ್ಟು ಮಾರಾಟವಾದವಂತೆ! ಅಕ್ಷರಗಳ ಜೋಡಿ ಭೂತಗನ್ನಡಿಯಿಲ್ಲದೆಯೂ ಕಾಣುತ್ತದೆ, ಸೆಂಟು ಕೂಡಿಡುವವರು ಆ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಆದ್ದರಿಂದ ಅದಕ್ಕೆ ಇಂದಿಗೂ ಬೆಲೆ ನಿಂತಿದೆ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನಾಲ್ಕು ಅಳತೆಗೋಲುಗಳು ಸಿಗುತ್ತವೆ. ತಪ್ಪು ಟಂಕಸಾಲೆಯೊಳಗೇ ಆದದ್ದೆಂದು ಸಾಬೀತಾಗಬೇಕು. ಬರಿಗಣ್ಣಿಗೆ ಕಾಣಬೇಕು. ಅಂಥವು ಕೆಲವೇ ಉಳಿದಿರಬೇಕು. ಕಡೆಯದಾಗಿ, ಅದು ಬೇಕೆನ್ನುವವರು ಉಳಿದಿರುವ ನಾಣ್ಯಗಳಿಗಿಂತ ಹೆಚ್ಚಿರಬೇಕು. ನಾಲ್ಕರಲ್ಲಿ ಒಂದು ಕಡಿಮೆಯಾದರೂ ಬೆಲೆ ಕುಸಿಯುತ್ತದೆ. ಅಚ್ಚು ಒಂದಿಷ್ಟು ತಿರುಗಿದ ರೂಪಾಯಿ, ಕೂದಲೆಳೆಯ ಬಿರುಕಿನ ಎರಡು ರೂಪಾಯಿ ನಿಜವಾದ ತಪ್ಪುಗಳೇ ಆದರೂ ಅಂಥವು ಧಾರಾಳ; ಯಾರೂ ಅವುಗಳಿಗಾಗಿ ಬಸ್ಸು ಹತ್ತಿ ಬರುವುದಿಲ್ಲ. ಅರ್ಧದಷ್ಟು ಜಾರಿದ ಅಚ್ಚು, ವರ್ಷದ ಅಂಕಿ ಉಳಿದಿರುವ ಜಾರಿದ ಅಚ್ಚು, ಸ್ಪಷ್ಟವಾದ ಲಾಖಿ, ಇವುಗಳನ್ನು ಕೇಳುವವರು ಬೇರೆಯೇ ಇದ್ದಾರೆ.

ಈ ಅಳತೆಗೋಲುಗಳನ್ನು ಹಿಡಿದುಕೊಂಡು ಫೋನಿನಲ್ಲಿ ಬರುವ ವೀಡಿಯೊಗಳನ್ನು ಒಂದು ಬರಹವನ್ನು ಓದುವಂತೆ ಕೂತು ನೋಡಿದೆ. ಕನ್ನಡದವೂ ಇವೆ, ಹಿಂದಿಯವೂ ಇವೆ. ಎಲ್ಲದರ ಕಟ್ಟೂ ಒಂದೇ. ನಾಣ್ಯವನ್ನು ದೊಡ್ಡದಾಗಿ ತೋರಿಸುತ್ತಾರೆ, ಕೆಳಗೆ ಒಂದು ಸಂಖ್ಯೆ ಮಿಣುಕುತ್ತದೆ, ಹಿಂದೆ ಡೋಲಿನ ಸದ್ದು. ಯಾರು ಮಾರಿದರು, ಯಾರು ಕೊಂಡರು, ಯಾವ ಊರಿನ ಹರಾಜು, ಯಾವ ತಾರೀಖು, ಒಂದನ್ನೂ ಹೇಳುವುದಿಲ್ಲ. ಯಾರೋ ಒಬ್ಬರು ಕೇಳಿದ ಬೆಲೆಯನ್ನೇ ಬೆಲೆ ಎನ್ನುತ್ತಾರೆ. ನಾನು ನನ್ನ ಹಳೆಯ ಛತ್ರಿಗೆ ಹತ್ತು ಲಕ್ಷ ಎಂದು ಚೀಟಿ ಅಂಟಿಸಬಹುದು. ಕೊಳ್ಳುವವರು ಬರುವ ತನಕ ಅದು ಹಳೆಯ ಛತ್ರಿಯೇ. ಹರಾಜಿನಲ್ಲಿ ನಿಜವಾಗಿ ಕೈ ಬದಲಾದ ಮೊತ್ತವೊಂದೇ ಬೆಲೆ. ಈ ಒಂದು ವ್ಯತ್ಯಾಸವನ್ನು ಮರೆಮಾಚುವುದರ ಮೇಲೆಯೇ ಆ ಇಡೀ ಪ್ರಕಾರ ನಿಂತಿದೆ.

ಇನ್ನೊಂದು ಚಾಲಾಕಿಯೂ ಇದೆ. ಟಂಕಸಾಲೆಯ ಗುರುತನ್ನು ತಪ್ಪೆಂದು ತೋರಿಸುವುದು. ವರ್ಷದ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. 1985ರಲ್ಲಿ ಚಿಲ್ಲರೆಯ ಅಭಾವವಾಗಿ ಹೊರದೇಶಗಳಲ್ಲಿಯೂ ಅಚ್ಚು ಹಾಕಿಸಿದರು. ಆ ವರ್ಷದ ಒಂದು ರೂಪಾಯಿಯ ಮೇಲೆ 'ಎಚ್' ಎಂಬ ಅಕ್ಷರವಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಇವೆಲ್ಲ ಊರಿನ ಹೆಸರುಗಳು, ತಪ್ಪುಗಳಲ್ಲ. ಕೆಲವು ಗುರುತುಗಳ ಕೆಲವು ವರ್ಷದ ನಾಣ್ಯಗಳು ವಿರಳವಾಗಿರಬಹುದು, ಅದು ಬೇರೆ ಲೆಕ್ಕ. ಆದರೆ ನಕ್ಷತ್ರ ಕಂಡೊಡನೆ ನಸೀಬು ತೆರೆಯಿತು ಎನ್ನುವುದು ಅಂಚೆಪೆಟ್ಟಿಗೆಯ ಮೇಲಿನ ಪಿನ್ ಕೋಡನ್ನು ಲಾಟರಿ ಸಂಖ್ಯೆ ಎಂದು ತಿಳಿದಂತೆ.

ಇದನ್ನೆಲ್ಲ ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಬಳಿ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ಇತ್ತು. 2012ರಲ್ಲಿ ಅಲ್ಲಿನ ಮಂದಿರ ಮಂಡಳಿಯ ಬೆಳ್ಳಿಹಬ್ಬಕ್ಕೆಂದು ಹೊರಟ ನಾಣ್ಯ ಅದು. ಸಂತೆಯ ಚಿಲ್ಲರೆಯಲ್ಲಿ ಬಂದದ್ದು. ಫೋನಿನಲ್ಲಿ ಕಂಡ ಸಂಖ್ಯೆಗೆ ಅದರ ಫೋಟೋ ಕಳಿಸಿದಳು. ಐದು ಲಕ್ಷಕ್ಕೆ ಗಿರಾಕಿ ಸಿದ್ಧನಿದ್ದಾನೆ, ಹೆಸರು ನೋಂದಾಯಿಸಲು ಸಾವಿರದ ಐವತ್ತು ರೂಪಾಯಿ ಕಳಿಸಿ ಎಂದರು. ಕಳಿಸಿದಳು. ರಿಸರ್ವ್ ಬ್ಯಾಂಕಿನ ಮೊಹರು ಇರುವ ಕಾಗದದ ಚಿತ್ರ ಬಂತು. ಆಮೇಲೆ ತೆರಿಗೆ ಎಂದರು, ವಿಮೆ ಎಂದರು. ಸ್ತ್ರೀಶಕ್ತಿ ಸಂಘದಿಂದ ಮಗಳ ಕಾಲೇಜು ಫೀಸಿಗೆಂದು ಎತ್ತಿದ್ದ ಸಾಲದಲ್ಲಿ ಹದಿನೆಂಟು ಸಾವಿರ ಹೋದ ಮೇಲೆ ಆ ಸಂಖ್ಯೆಯೂ ಬಂದ್ ಆಯಿತು. ಗಂಡನಿಗೆ ಹೇಳಲಾರದೆ ನನ್ನ ಬಳಿಗೆ ಬಂದವಳು, ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ನಾಣ್ಯವನ್ನು ಬಿಚ್ಚಿ ನನ್ನ ಕೈಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ:

"ಟೀಚರೇ, ನಾಣ್ಯ ನಿಜವಾದದ್ದೇ ತಾನೇ? ಮತ್ತೆ ದುಡ್ಡು ಯಾಕೆ ಬರಲಿಲ್ಲ?"

ನಾಣ್ಯ ನಿಜವಾದದ್ದೇ. ತಪ್ಪೇನೂ ಇಲ್ಲದ, ಅಚ್ಚುಕಟ್ಟಾದ ಐದು ರೂಪಾಯಿ. ಅದನ್ನು ಕೊಟ್ಟು ಅಂಗಡಿಯಲ್ಲಿ ಒಂದು ಕಟ್ಟು ಕೊತ್ತಂಬರಿ ತರಬಹುದು. ಅವಳ ಪ್ರಶ್ನೆಯನ್ನು ದಡ್ಡತನವೆಂದು ನಗುವವರಿದ್ದರೆ ಅವರು ಯೋಚಿಸಬೇಕು. ವಸ್ತು ನಿಜವಾಗಿದ್ದರೆ ಅದರ ಬಗೆಗಿನ ಮಾತೂ ನಿಜವಿರಬೇಕೆಂದು ನಾವೆಲ್ಲ ನಂಬುತ್ತೇವಲ್ಲ. ಅವಳು ನಂಬಿದ್ದೂ ಅಷ್ಟನ್ನೇ. ಸಂಘದ ಸಭೆಯಲ್ಲಿ ಅವಳ ಹೆಸರೆತ್ತದೆ ಈ ವಿಷಯ ಮಾತಾಡಿದಾಗ ಇನ್ನಿಬ್ಬರು ತಲೆ ತಗ್ಗಿಸಿದ್ದನ್ನು ಕಂಡೆ.

ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದು ಇದೇ ವಿಷಯಕ್ಕೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಹಳೆಯ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಗೆ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುತ್ತಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಪ್ರಕಟಣೆ ಪತ್ರಿಕೆಗಳಲ್ಲಿ ಬಂತು. ಆದರೆ ಡೋಲು ಬಾರಿಸುವ ವೀಡಿಯೊ ತಲುಪಿದ ಅಡಿಗೆಮನೆಗಳಿಗೆಲ್ಲ ಆ ಪ್ರಕಟಣೆ ತಲುಪಲಿಲ್ಲ. ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡುವ ಬದಲು 1930ಕ್ಕೆ ಕೂಡಲೇ ಫೋನ್ ಮಾಡಬೇಕು ಎಂಬುದೂ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ.

ಹಾಗೆಂದು ಚಿಲ್ಲರೆ ಡಬ್ಬಿಯನ್ನು ನೋಡುವುದೇ ಬೇಡವೆಂದು ನಾನು ಹೇಳಲಾರೆ. ನೋಡಿ, ಖುಷಿಯಿಂದ ನೋಡಿ. ವಿಚಿತ್ರವಾದದ್ದು ಸಿಕ್ಕರೆ ಮೊದಲು ಮಾಡಬಾರದ ಕೆಲಸ ಒಂದಿದೆ: ತೊಳೆಯಬೇಡಿ. ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಮಾಡುವ ಅಭ್ಯಾಸ ನಮಗೆಲ್ಲ ಇದೆ. ಸಂಗ್ರಾಹಕನಿಗೆ ಆ ಹೊಳಪು ಬೇಡ. ಉಜ್ಜಿದ ಗೀರು ಬಿದ್ದರೆ ಬೆಲೆಯೂ ಬಿತ್ತು. ದೇವರಿಗೆ ಹೊಳೆಯುವ ನಾಣ್ಯ ಬೇರೆ ಇರಲಿ. ಸಿಕ್ಕದ್ದನ್ನು ಕಾಗದದಲ್ಲಿ ಸುತ್ತಿಟ್ಟು ತೂಕ ಮಾಡಿಸಿ, ಅದೇ ವರ್ಷದ ಸರಿಯಾದ ನಾಣ್ಯದ ಪಕ್ಕದಲ್ಲಿಟ್ಟು ಹೋಲಿಸಿ. ಅಯಸ್ಕಾಂತವೂ ಒಳ್ಳೆಯ ಗುರು. ಅಮೆರಿಕದಲ್ಲಿ 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಸೆಂಟನ್ನು ಉಕ್ಕಿನಲ್ಲಿ ಮಾಡಿದರು. ತಪ್ಪಿ ಕಂಚಿನ ಬಿಲ್ಲೆಯ ಮೇಲೆ ಅಚ್ಚಾದ ಕೆಲವೇ ಕೆಲವು ಸೆಂಟುಗಳಿಗೆ ಭಾರಿ ಬೆಲೆಯಿದೆ. ಉಕ್ಕಿನದಕ್ಕೆ ತಾಮ್ರದ ನೀರು ಕುಡಿಸಿ ಮಾರುವವರು ಹುಟ್ಟಿಕೊಂಡಾಗ ಮಕ್ಕಳಾಟದ ಅಯಸ್ಕಾಂತವೇ ಅವರ ಗುಟ್ಟು ರಟ್ಟು ಮಾಡಿತು. ತಪ್ಪಿಗೆ ಬೆಲೆ ಬಂದೊಡನೆ ಸುಳ್ಳು ತಪ್ಪುಗಳೂ ತಯಾರಾಗುತ್ತವೆ ಎಂಬುದು ಎಲ್ಲ ದೇಶದ ಅನುಭವ.

ಆಮೇಲೆ ತಿಳಿದವರ ಕಣ್ಣಿಗೆ ತೋರಿಸಿ. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನಗಳು, ಹರಾಜುಗಳು ನಡೆಯುತ್ತವೆ. ಅಲ್ಲಿ ಹತ್ತು ಮೇಜು ಸುತ್ತಿ ಹತ್ತು ಜನರನ್ನು ಕೇಳಬಹುದು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನವರು ತೆರೆದ ನಾಣ್ಯ ಸಂಗ್ರಹಾಲಯದಂಥ ಜಾಗಗಳಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ, ಬೆಲೆಯ ಮಾತಿಲ್ಲದೆಯೂ ನಾಣ್ಯವನ್ನು ನೋಡಬಹುದೆಂಬುದು ಅವರಿಗೆ ತಿಳಿಯುತ್ತದೆ.

ತಪ್ಪಚ್ಚಿನ ನಾಣ್ಯವನ್ನು ಜನ ಯಾಕೆ ಇಷ್ಟೊಂದು ಪ್ರೀತಿಸುತ್ತಾರೆಂದು ನಾನು ಯೋಚಿಸಿದ್ದುಂಟು. ಕೋಟ್ಯಂತರ ನಾಣ್ಯಗಳು ಒಂದರ ಹಾಗೆ ಇನ್ನೊಂದು ಇರುವಾಗ, ಜಾರಿದ ಈ ಒಂದರಲ್ಲಿ ಮಾತ್ರ ಅದು ಹುಟ್ಟಿದ ಗಳಿಗೆ ಕಾಣುತ್ತದೆ. ತಗಡು ಸರಿಯದೆ ನಿಂತ ಕ್ಷಣ, ಯಂತ್ರದ ಮುಂದೆ ನಿಂತವನ ಕಣ್ಣು ಒಂದಿಷ್ಟು ಆಚೆ ಹೋದ ಕ್ಷಣ ಲೋಹದಲ್ಲಿ ಉಳಿದುಬಿಟ್ಟಿದೆ. ಸರಿಯಾದ ನಾಣ್ಯ ಸರ್ಕಾರದ ಮಾತನ್ನು ಹೇಳುತ್ತದೆ, ತಪ್ಪಾದ ನಾಣ್ಯ ಕೆಲಸದ ಕಥೆಯನ್ನೂ ಹೇಳುತ್ತದೆ. ಈ ಕುತೂಹಲಕ್ಕೆ ದುಡ್ಡು ಕೊಡುವವರು ಇದ್ದರೆ ಅದರಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ.

ಕಡೆಗೆ ಮೂರು ಪ್ರಶ್ನೆಗಳನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ನಾಣ್ಯ ನಿಜವೇ? ತಪ್ಪು ನಿಜವೇ? ಕೊಳ್ಳುವವನು ನಿಜವೇ? ಮೊದಲೆರಡಕ್ಕೆ ತಕ್ಕಡಿ, ಭೂತಗನ್ನಡಿ, ತಿಳಿದವರ ಕಣ್ಣು ಉತ್ತರ ಹೇಳುತ್ತವೆ. ಮೂರನೆಯದಕ್ಕೆ ಅಷ್ಟೆಲ್ಲ ಬೇಕಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೂ ಗೊತ್ತಿರುವ ವಿಷಯ ಅದು: ಮಾರಲು ಕೂತವರು ದುಡ್ಡು ತೆಗೆದುಕೊಳ್ಳುತ್ತಾರೆಯೇ ಹೊರತು, ಕೊಳ್ಳಲು ಬಂದವನಿಗೆ ಎದುರು ದುಡ್ಡು ಕೊಡುವುದಿಲ್ಲ.